ಕಾಲು ಮುಂದೆ

ನನ್ನ ಕಾಯಿಲೆಯನ್ನು ಮೊದಲು ಕಂಡವರು ಡಾಕ್ಟರಲ್ಲ, ನಮ್ಮ ಚರ್ಚಿನ ಸ್ವಾಮಿಗಳು. ಅದೂ ನನ್ನ ಕಾಲು ತೊಳೆಯುತ್ತಿದ್ದಾಗ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ಬರುವ ಪವಿತ್ರ ಗುರುವಾರದ ಸಂಜೆ ಹನ್ನೆರಡು ಗಂಡಸರನ್ನು ಪೀಠದ ಮುಂದೆ ಸಾಲಾಗಿ ಕೂರಿಸಿ ಗುರುಗಳು ಅವರ ಕಾಲು ತೊಳೆಯುವುದು ನಮ್ಮಲ್ಲಿ ನಡೆದುಬಂದದ್ದು. ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ಗುರುಗಳು ಮುಟ್ಟುವ ಕಾಲು ಗಲೀಜಾಗಿದ್ದರೆ ಮರ್ಯಾದೆ ಹೋಗುತ್ತದೆಂದು ಹನ್ನೆರಡು ಜನವೂ ಮನೆಯಲ್ಲೇ ಕಲ್ಲಿನಿಂದ ಹಿಮ್ಮಡಿ ಉಜ್ಜಿಕೊಂಡು, ಉಗುರು ಕತ್ತರಿಸಿಕೊಂಡು, ತೊಳೆದ ಕಾಲನ್ನೇ ತೊಳೆಸಿಕೊಳ್ಳಲು ಹೋಗುತ್ತೇವೆ. ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ಆ ವರ್ಷ ಬಂದಿದ್ದ ಸ್ವಾಮಿಗಳು ಹೊಸಬರು, ವಯಸ್ಸು ಚಿಕ್ಕದು. ನನ್ನ ಬಲಗಾಲಿಗೆ ನೀರು ಹಾಕಿ, ಟವೆಲಿನಲ್ಲಿ ಒರೆಸಿ, ಮುತ್ತಿಡಲು ಬಗ್ಗಿದವರು ಹಾಗೇ ತಡೆದರು. ಅವರ ಹೆಬ್ಬೆರಳು ಒತ್ತಿದ ಜಾಗದಲ್ಲಿ, ಕಲಸಿಟ್ಟ ಹಿಟ್ಟಿಗೆ ಬೆರಳಿಟ್ಟ ಹಾಗೆ, ಒಂದು ಗುಳಿ ಬಿದ್ದಿತ್ತು. ಅವರೂ ನೋಡಿದರು, ನಾನೂ ನೋಡಿದೆ. ಗುಳಿ ಮೇಲೆ ಬರಲಿಲ್ಲ.

"ಇನ್ನಾಸಪ್ಪನವರೇ, ಇದನ್ನ ಡಾಕ್ಟರಿಗೆ ತೋರಿಸಿ," ಎಂದು ನನಗೊಬ್ಬನಿಗೆ ಕೇಳುವ ಹಾಗೆ ಹೇಳಿ, ಮುತ್ತಿಟ್ಟು, ಪಕ್ಕದವನ ಕಾಲಿಗೆ ಹೋದರು. ಅವರ ತಂದೆಗೂ ಹೀಗೇ ಆಗಿತ್ತಂತೆ. ಅದನ್ನು ಎಷ್ಟೋ ದಿನದ ಮೇಲೆ ಹೇಳಿದರು.

ನಾನು ಮಂಡಿ ಮೊಹಲ್ಲಾದಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದವನು. ಸಗಟು ಅಂಗಡಿಗಳ ತಕ್ಕಡಿ, ಮೂಟೆ ತೂಗುವ ದೊಡ್ಡ ಕಾಟಾ, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ತೂಕದ ಕಲ್ಲು ಎತ್ತಿ ಇಳಿಸಿಯೇ ಬೆಳೆದ ಮೈ. ಚರ್ಚಿನಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ತೀರಿಕೊಂಡವರ ಪೆಟ್ಟಿಗೆಯನ್ನು ಮನೆಯಿಂದ ಚರ್ಚಿಗೆ, ಅಲ್ಲಿಂದ ಸಮಾಧಿಗೆ ಹೆಗಲ ಮೇಲೆ ಒಯ್ಯುವ ಆರು ಜನರಲ್ಲಿ ನಾನೊಬ್ಬ. ಸಂಬಳವಿಲ್ಲ, ಯಾರೂ ನೇಮಿಸಿದ್ದಲ್ಲ, ಹೆಗಲು ಗಟ್ಟಿ ಇದ್ದವರು ಸೇರಿಕೊಂಡದ್ದು. ಮುಂದಿನ ಎಡಗಡೆ ನನ್ನ ಜಾಗ. ಮುಂದಿನ ಬಲಗಡೆ ಚೌರಪ್ಪ. ಅವನು ಮನೆಗಳಿಗೆ ಸುಣ್ಣಬಣ್ಣ ಹೊಡೆಯುವ ಪೇಂಟರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಹೊಸ್ತಿಲು ದಾಟುವ ಮುಂಚೆ "ಕಾಲು ಮುಂದೆ" ಎಂದು ಗಟ್ಟಿಯಾಗಿ ಹೇಳುವುದು ನನ್ನ ಪಾಲಿನದು. ಸತ್ತವರ ಕಾಲು ಬೀದಿಯ ಕಡೆಗಿರಬೇಕು, ಮುಖ ಮನೆಯ ಕಡೆ ತಿರುಗಬಾರದು ಎಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ರೀತಿ. ನಾನು ಹೇಳಿದ ಮೇಲೆಯೇ ಆರು ಹೆಗಲೂ ಒಟ್ಟಿಗೆ ಏಳುತ್ತಿದ್ದವು.

ಇಷ್ಟು ಜನರನ್ನು ಹೊತ್ತವನಿಗೆ ಒಂದೇ ಒಂದು ಹಠವಿತ್ತು. ಜೀವ ಇರುವ ತನಕ ನಾನು ಯಾರ ಹೆಗಲ ಮೇಲೂ ಹೋಗಬಾರದು. ಹೋಗುವ ಕಡೆಗೆಲ್ಲ ನನ್ನ ಕಾಲಿನ ಮೇಲೇ ಹೋಗಬೇಕು. ಈ ಕಾಯಿಲೆ ಹಿಡಿದು ಎಳೆದದ್ದು ಸರಿಯಾಗಿ ಆ ಹಠವನ್ನೇ.

ಕಾಲಿನ ಗುಳಿಗಿಂತ ಎರಡು ವರ್ಷ ಮುಂಚೆಯೇ ನನ್ನ ಮೂಳೆಗಳು ಮಾತಾಡಲು ಶುರು ಮಾಡಿದ್ದವು. ಮೊದಲು ಹಿಮ್ಮಡಿ, ಆಮೇಲೆ ಸೊಂಟ. ಒಂದು ದಿನ ಒಬ್ಬ ದಪ್ಪನೆಯ ಹೆಂಗಸಿನ ಪೆಟ್ಟಿಗೆಗೆ ಹೆಗಲು ಕೊಟ್ಟಾಗ ಪಕ್ಕೆಯಲ್ಲಿ ಚಟ್ ಎಂದಿತು. ಪೆಟ್ಟಿಗೆಯ ಮರ ಬಿರುಕು ಬಿಟ್ಟಿತೆಂದು ತಿಳಿದು ಸಮಾಧಿಯ ತನಕ ನಡೆದೆ. ಬಿರುಕು ಬಿಟ್ಟದ್ದು ನನ್ನ ಪಕ್ಕೆಲುಬು. ಮೂಳೆ ಡಾಕ್ಟರ ಬಳಿ ಹೋದರೆ ಅಲ್ಲಿ ಬೆಂಚಿನ ತುಂಬ ಹೆಂಗಸರೇ. ಪಕ್ಕದಲ್ಲಿದ್ದ ಒಬ್ಬ ಅಮ್ಮ ನನ್ನನ್ನು ನೋಡಿ, ಯಾರನ್ನು ಕರೆದುಕೊಂಡು ಬಂದಿದ್ದೀರಿ ಎಂದು ಕೇಳಿದರು. ಮೂಳೆ ಸವೆಯುವುದು ಹೆಂಗಸರ ಕಾಯಿಲೆ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಹೆಂಡತಿ ಒಳಗಿದ್ದಾಳೆ ಎಂದು ಸುಳ್ಳು ಹೇಳಿದೆ. ಡಾಕ್ಟರು ಪಕ್ಕೆಗೆ ಪಟ್ಟಿ ಸುತ್ತಿ ವಾರಕ್ಕಾಗುವಷ್ಟು ನೋವಿನ ಮಾತ್ರೆ ಬರೆದುಕೊಟ್ಟರು. ಆ ವಾರ ಮುಗಿಯಿತು, ಮಾತ್ರೆ ಮುಗಿಯಲಿಲ್ಲ. ಮೆಡಿಕಲ್ ಶಾಪಿನವನಿಗೆ ನನ್ನ ಮುಖ ಕಂಡರೆ ಸಾಕು, ಕೇಳದೆಯೇ ಎತ್ತಿ ಕೊಡುತ್ತಿದ್ದ.

ಮನೆಯಲ್ಲಿ ನನ್ನ ಹೆಂಡತಿ ಲೂರ್ದಮ್ಮನದು ಬೇರೆಯೇ ಚಿಕಿತ್ಸೆ. ಮೂಳೆ ನೋವಿಗೆ ಮೂಳೆಯೇ ಮದ್ದು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕುರಿ ಕಾಲು ತರಿಸಿ, ಸುಟ್ಟು, ಕೆರೆದು, ಮೆಣಸು ಜೀರಿಗೆ ಹಾಕಿ, ದೊಡ್ಡ ಪಾತ್ರೆಯಲ್ಲಿ ಅರ್ಧ ದಿನ ಕುದಿಸಿ ಕಾಲು ಸೂಪು ಮಾಡುತ್ತಿದ್ದಳು. ಮಲಗುವಾಗ ದೊಡ್ಡ ಲೋಟದಲ್ಲಿ ಹಾಲು. ನನಗೆ ಮೈಯೆಲ್ಲ ಕಡಿತ ಬೇರೆ ಶುರುವಾಗಿತ್ತು. ಬೆನ್ನು ಕೆರೆದುಕೊಳ್ಳಲು ಮರದ ಸೌಟು ಇಟ್ಟುಕೊಂಡಿದ್ದೆ. ತಮಾಷೆಯೆಂದರೆ, ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ನಾವು ಮಾಂಸ ಮುಟ್ಟುವುದಿಲ್ಲ, ನಾನು ಹಾಲೂ ಬಿಡುತ್ತಿದ್ದೆ. ಆ ದಿನಗಳಲ್ಲಿ ಕಡಿತ ಇಳಿಯುತ್ತಿತ್ತು. ಪಾಸ್ಕ ಹಬ್ಬದ ಊಟ ಮುಗಿದು ವಾರವಾಗುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಉಪವಾಸದ ಪುಣ್ಯ ಎಂದು ನಾವಿಬ್ಬರೂ ಕೈಮುಗಿದೆವು. ಪುಣ್ಯ ಇಳಿದುಹೋಗದಿರಲಿ ಎಂದು ಲೂರ್ದಮ್ಮ ಸೂಪಿಗೆ ಇನ್ನೆರಡು ಕಾಲು ಹೆಚ್ಚಿಗೆ ಹಾಕಿದಳು.

ಸ್ವಾಮಿಗಳು ಹೇಳಿದರೆಂದು ಹೋದೆನೇ ಹೊರತು ನನಗಾಗಿ ಹೋಗಲಿಲ್ಲ. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಕಿಡ್ನಿ ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಕಲ್ಲು ಬೆಂಚು, ಗೋಡೆಗೊಂದು ಮಾತೆಯ ಪಟ, ಪಕ್ಕದಲ್ಲಿ ಗಣಪತಿ, ಕೆಳಗೆ ರೋಗಿಗಳ ತೂಕ ನೋಡುವ ಯಂತ್ರ. ಅದರ ಮುಳ್ಳು ಸೊನ್ನೆಗಿಂತ ಸ್ವಲ್ಪ ಮುಂದೆ ನಿಂತಿತ್ತು. ಕಾಯುವ ಹೊತ್ತಿನಲ್ಲಿ ನಾನು ನನ್ನ ಕಿಡ್ನಿಯ ಬಗ್ಗೆ ಯೋಚಿಸಲಿಲ್ಲ. ಆ ಮುಳ್ಳನ್ನೇ ನೋಡುತ್ತ ಕೂತಿದ್ದೆ.

ಡಾಕ್ಟರು ನಡುವಯಸ್ಸಿನವರು, ಮೆತ್ತಗಿನ ದನಿ. ಸ್ಕ್ಯಾನಿಂಗ್ ಫಿಲಂ ಬೆಳಕಿಗೆ ಹಿಡಿದು ನೋಡಿ, ಇಳಿಸಿ, ಹೇಳಿದರು: "ಎರಡೂ ಕಿಡ್ನಿ ಚಿಕ್ಕದಾಗೋಗಿದೆ. ನೀವು ಮೂಳೆ ನೋವು ಅಂತ ಮೂಳೆಗೆ ಔಷಧಿ ಮಾಡ್ತಾ ಕೂತ್ರಿ. ಅದು ಹೊರಟಿದ್ದು ಇಲ್ಲಿಂದ." ಎದ್ದು ಬಂದು ನನ್ನ ಬೆನ್ನಿನ ಕೆಳಗೆ ಎರಡು ಬೆರಳಿಟ್ಟು ತೋರಿಸಿದರು. ಕಿಡ್ನಿ ಸೋತರೆ ಮೂಳೆಯೊಳಗಿನ ಸುಣ್ಣ ಸೋರಿಹೋಗುತ್ತದಂತೆ. ಆ ನೋವಿಗೆ ನಾನು ನುಂಗಿದ ಮಾತ್ರೆಗಳು ಸೋತ ಕಿಡ್ನಿಗೆ ಇನ್ನೊಂದು ಏಟು ಕೊಟ್ಟವಂತೆ. ಹಾಲು, ಸೂಪು ಎರಡೂ ಇವತ್ತಿಗೇ ನಿಲ್ಲಬೇಕು, ಅವುಗಳಲ್ಲಿರುವ ರಂಜಕವನ್ನು ಸೋತ ಕಿಡ್ನಿ ಹೊರಹಾಕಲಾರದು, ಕಡಿತಕ್ಕೂ ಅದೇ ಕಾರಣ ಎಂದರು. ಲೂರ್ದಮ್ಮ ಪಕ್ಕದಲ್ಲಿದ್ದಳು. ಸೂಪು ಎಂಬ ಮಾತು ಬಂದ ಮೇಲೆ ಅವಳು ತಲೆ ಎತ್ತಲಿಲ್ಲ.

ಇನ್ನು ಭಾರ ಹೊರಬಹುದೇ ಎಂದು ಮಾತ್ರ ಕೇಳಿದೆ. ಕೆಮ್ಮಿದರೂ ಪಕ್ಕೆಲುಬು ಮುರಿಯಬಹುದಾದ ಸ್ಥಿತಿ, ಭಾರದ ಮಾತೇ ಬೇಡ ಎಂದರು ಡಾಕ್ಟರು.

ಇಂಥ ಸುದ್ದಿ ಕೇಳಿದಾಗ ನೆಲ ಕುಸಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದೆಲ್ಲ ಜನ ಹೇಳುತ್ತಾರೆ. ನನಗೆ ಏನೂ ಆಗಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಓದುವವರಲ್ಲಿ ಯಾರಿಗಾದರೂ ಹೀಗೇ ಆಗಿ, ನನಗೇಕೆ ಅಳು ಬರಲಿಲ್ಲ, ನಾನೆಂಥ ಮನುಷ್ಯ ಎಂದು ಕೊರಗುತ್ತಿರಬಹುದು. ಕೊರಗಬೇಡಿ. ಇನ್ಯಾರದೋ ಕಾಟಾ ಕೆಟ್ಟಿದೆ ಎಂದು ಹೇಳಿದ ಹಾಗಿತ್ತು ನನಗೆ. ಹೊರಗೆ ಬಂದು ಇಬ್ಬರೂ ಇಡ್ಲಿ ತಿಂದೆವು. ಚಟ್ನಿಗೆ ಉಪ್ಪು ಜಾಸ್ತಿ ಎಂದು ಸಪ್ಲೈಯರನಿಗೆ ಹೇಳಿದ್ದೂ ನೆನಪಿದೆ. ಆವತ್ತು ಅತ್ತವಳು ನಮ್ಮ ಮಗಳು ಸ್ಟೆಲ್ಲಾ. ಅವಳು ಊರಲ್ಲೇ ಸ್ಕೂಲಿನ ಟೀಚರು, ಗಂಡನ ಮನೆ ಮೂರು ಬೀದಿಯಾಚೆ. ನನ್ನ ಪಾಲಿನದನ್ನೂ ಸೇರಿಸಿ ಅವಳೇ ಅತ್ತಳು. ಲೂರ್ದಮ್ಮ ಸೂಪಿನ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಯಾರಿಗೋ ಕೊಟ್ಟುಬಿಟ್ಟಳು. ಅವಳು ಆ ವಿಷಯ ಎತ್ತಿದ್ದು ಒಂದೇ ಸಲ. "ನನ್ ಕೈಯಾರೆ ಕುಡಿಸ್ದೆ ಕಣ್ರೀ," ಎಂದಳು. ನೀನು ಕುಡಿಸದಿದ್ದರೂ ಇದು ಬರುತ್ತಿತ್ತು ಎಂದು ಡಾಕ್ಟರೇ ಹೇಳಿದ್ದರು, ಅದನ್ನೇ ನಾನೂ ಹೇಳಿದೆ. ಅವಳಿಗೆ ಬೇಕಾದ್ದು ಆ ಮಾತಲ್ಲ ಎಂದು ಗೊತ್ತಿತ್ತು.

ಚೌರಪ್ಪ ಸಂಜೆ ಬಂದ. ಕೂದಲಿಗೆಲ್ಲ ಸುಣ್ಣದ ಹನಿ. ವಿಷಯ ಕೇಳಿ, "ನಿನ್ ಜಾಗ ಅಂಗೇ ಇರುತ್ತೆ ಬುಡಣ್ಣ," ಎಂದ. ಜಾಗ ಹಾಗೇ ಇರುವುದು ಹೇಗೆ? ಪೆಟ್ಟಿಗೆ ವಾಲುವುದಿಲ್ಲವೇ? ಬೇರೆಯವರನ್ನು ಹಾಕಿಕೊಂಡರು. ಕಾಲು ಮುಂದೆ ಎಂದು ಹೇಳುವ ಕೆಲಸ ಚೌರಪ್ಪನಿಗೆ ಹೋಯಿತು.

ಮೂರು ವರ್ಷ ಮಾತ್ರೆಯಲ್ಲಿ ತಳ್ಳಿದೆ. ಊಟದ ಜೊತೆ ಅಗಿಯುವ ಮಾತ್ರೆಗೆ ಸೀಮೆಸುಣ್ಣದ ರುಚಿಯಿತ್ತು. ಆಮೇಲೆ ಡಯಾಲಿಸಿಸ್. ಎಡಗೈಯ ಮಣಿಕಟ್ಟಿನ ಹತ್ತಿರ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದರು, ಮುಟ್ಟಿದರೆ ಒಳಗೆ ಗುಯ್ಯೆನ್ನುತ್ತಿತ್ತು. ವಾರಕ್ಕೆರಡು ಸಲ ಬೆಳಿಗ್ಗೆ ಹೋಗಿ ಯಂತ್ರದ ಪಕ್ಕ ಮಲಗುವುದು. ಮಲಗುವ ಮುಂಚೆ ತೂಕ, ಎದ್ದ ಮೇಲೆ ತೂಕ. ಇಲ್ಲಿನ ತೂಕದ ಯಂತ್ರದ ಮುಳ್ಳೂ ಸರಿಯಿರಲಿಲ್ಲ. ನರ್ಸಮ್ಮನನ್ನು ಕೇಳಿ, ಸ್ಕ್ರೂ ತಿರುಗಿಸಿ ಸೊನ್ನೆಗೆ ತಂದೆ. ಅದು ಮತ್ತೆ ಜಾರುತ್ತಿತ್ತು, ನಾನು ಮತ್ತೆ ತರುತ್ತಿದ್ದೆ. ನಾನು ಬರುವ ತನಕ ಯಾರನ್ನೂ ತೂಗುವುದಿಲ್ಲ ಎಂದು ಆ ಹುಡುಗಿ ಹೇಳುತ್ತಿದ್ದಳು. ಸುಳ್ಳೇ ಇರಬಹುದು. ಆದರೆ ಬೆಳಿಗ್ಗೆ ಮನೆ ಬಿಡಲು ಅಷ್ಟು ಸಾಕಾಗುತ್ತಿತ್ತು.

ಪಕ್ಕದ ಹಾಸಿಗೆಗೆ ಬರುತ್ತಿದ್ದವರು ಅಗ್ರಹಾರದ ನಂಜಪ್ಪನವರು. ಪೂಜೆ ಸಾಮಾನಿನ ಅಂಗಡಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವರ ಅಂಗಡಿಯ ತಕ್ಕಡಿಗೆ ನಾನೇ ಕೈ ಹಾಕಿದ್ದೆ, ಹಾಗಾಗಿ ಹಳೆಯ ಪರಿಚಯ. ಅವರಿಗೂ ಕಿಡ್ನಿಯ ಹಿಂದೆಯೇ ಮೂಳೆ ಹೋಗಿತ್ತು. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಲು ಆಗದೆ ಸ್ಟೂಲಿನ ಮೇಲೆ ಕೂತು ಪೂಜೆ ಮಾಡುತ್ತಿದ್ದರು. ಮಠದ ಸ್ವಾಮಿಗಳ ಮುಂದೆ ಸ್ಟೂಲಿನ ಮೇಲೆ ಕೂರುವುದೆಂದರೆ ಅವರಿಗೆ ಪ್ರಾಣಸಂಕಟ. ನನ್ನ ಪೆಟ್ಟಿಗೆ ಹೊರುವ ಕಥೆಯನ್ನೆಲ್ಲ ಕೇಳಿ ಒಂದು ದಿನ ಹೇಳಿದರು: "ನಿಮ್ಮೋರು ಪುಣ್ಯವಂತರು ಕಣ್ರೀ ಇನ್ನಾಸಪ್ನೋರೆ. ಮಲಗ್ಸಿ ಹೊರ್ತಾರೆ. ನಮ್ಮನ್ನ ಕಾಲು ಮಡಚಿ ಕೂರ್ಸಿ ಹೊರ್ತಾರೆ. ಈಗ್ಲೇ ಮಡಚ್ದೆ ಇರೋ ಸೊಂಟ ಆಗ ಮಡಚುತ್ತಾ?" ಎರಡೂ ಹಾಸಿಗೆ ಅಲುಗುವಷ್ಟು ನಕ್ಕೆವು. ನಗಬೇಡಿ, ಸೂಜಿ ಕದಲುತ್ತದೆ ಎಂದು ನರ್ಸಮ್ಮ ಗದರಿದಳು. ಆ ವರ್ಷವೆಲ್ಲ ನಾನು ನಕ್ಕದ್ದು ಅಲ್ಲೇ, ಆ ಮನುಷ್ಯನ ಜೊತೆಯಲ್ಲೇ. ಮನೆಯಲ್ಲಿ ನಗುವಿಗೂ ಅಳುವಿಗೂ ನನ್ನ ಮುಖ ಒಂದೇ ರೀತಿ ಇರುತ್ತಿತ್ತೆಂದು ಸ್ಟೆಲ್ಲಾ ಹೇಳುತ್ತಾಳೆ.

ಸೊಂಟ ಮುರಿದದ್ದು ಒಂದು ಬೆಳಿಗ್ಗೆ, ಬಚ್ಚಲಿನ ಬಾಗಿಲಲ್ಲಿ. ಜಾರಲಿಲ್ಲ, ಎಡವಲಿಲ್ಲ. ಟವೆಲು ತೆಗೆದುಕೊಳ್ಳಲು ಬಲಕ್ಕೆ ತಿರುಗಿದೆ, ಹಳೆಯ ಸದ್ದು ಕೇಳಿಸಿತು, ಚಟ್ ಎಂದು. ಆಮೇಲೆ ಬಿದ್ದೆ. ಬಿದ್ದು ಮೂಳೆ ಮುರಿಯುವುದು ಎಲ್ಲರಿಗೂ ಗೊತ್ತು. ನಾನು ಮುರಿದು ಬಿದ್ದವನು.

ನಮ್ಮ ಗಲ್ಲಿಯೊಳಗೆ ಕಾರು ಬರುವುದಿಲ್ಲ. ಆಟೋ ಬಂದರೂ ಆಟೋದಲ್ಲಿ ಕೂರುವ ಸೊಂಟ ನನ್ನದಲ್ಲ. ವ್ಯಾನು ದೊಡ್ಡ ರಸ್ತೆಯಲ್ಲಿ ನಿಲ್ಲುವುದು, ಅಲ್ಲಿಯ ತನಕ ಹೇಗಾದರೂ ಒಯ್ಯುವುದು ಎಂದಾಯಿತು. ಲೂರ್ದಮ್ಮ ಓಡಿಹೋಗಿ ಚೌರಪ್ಪನನ್ನು ಕರೆತಂದಳು. ಅವನು ಇನ್ನು ಮೂವರನ್ನು ಕರೆದ. ಯಾರನ್ನು ಕರೆಯುತ್ತಾನೆ? ಪೆಟ್ಟಿಗೆ ಹೊರುವವರನ್ನೇ. ಜಗುಲಿಯ ಉದ್ದನೆಯ ಬೆಂಚಿನ ಮೇಲೆ ಜಮಖಾನ ಹಾಸಿ, ನನ್ನನ್ನು ಮಲಗಿಸಿ, ಎರಡು ಪಂಚೆಯಲ್ಲಿ ಅಡ್ಡ ಕಟ್ಟಿದರು. ಹೊಸ್ತಿಲ ಹತ್ತಿರ ನಾಲ್ವರೂ ಬಗ್ಗಿದರು. ಚೌರಪ್ಪ ತನ್ನ ಜಾಗದಲ್ಲಿ ನಿಂತು, "ಕಾಲು ಮುಂದೆ" ಎಂದ. ನಾಲ್ಕು ಹೆಗಲೂ ಒಟ್ಟಿಗೆ ಎದ್ದವು.

ತಮಾಷೆಗಲ್ಲ, ಪಾಪ, ಅವರ ಮೈಗೆ ಗೊತ್ತಿದ್ದದ್ದು ಅದೊಂದೇ. ಕೈಗೂ ಕಾಲಿಗೂ ಒಂದೇ ರೂಢಿ. ನಮ್ಮದು ಅವಸರವಿಲ್ಲದ ನಡಿಗೆ, ಎರಡು ಹೆಜ್ಜೆಗೊಮ್ಮೆ ಸ್ವಲ್ಪ ತಡೆದು ಇಡುವುದು, ಪೆಟ್ಟಿಗೆ ಕುಲುಕಬಾರದೆಂದು. ಹಾಗೇ ನಡೆದರು. ನಾನು ಅಂಗಾತ ಮಲಗಿ ಮೇಲೆ ಹಾದುಹೋಗುವ ಕರೆಂಟಿನ ತಂತಿ, ಅದರ ಮೇಲೆ ಸಿಕ್ಕಿಕೊಂಡ ಗಾಳಿಪಟ, ಸಜ್ಜದ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿ ನೋಡುತ್ತಿದ್ದೆ. ಹೆಜ್ಜೆ ಚೆನ್ನಾಗಿ ಸೇರಿದೆ ಎನ್ನಿಸಿತು. ಹಿಂದಿನ ಎಡಗಡೆಯವನು ಸ್ವಲ್ಪ ಕುಳ್ಳ, ಅಲ್ಲಿ ಮಾತ್ರ ವಾಲುತ್ತಿತ್ತು. ಜೀವ ಇರುವ ತನಕ ಯಾರ ಹೆಗಲ ಮೇಲೂ ಹೋಗಬಾರದು ಎಂದುಕೊಂಡಿದ್ದವನು ಹೆಗಲ ಮೇಲೆ ಹೋಗುತ್ತಿದ್ದೆ, ಅದೂ ಕಾಲು ಮುಂದಾಗಿ. ನಾಚಿಕೆಯಾಗಬೇಕಿತ್ತು. ಭಯವಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಮಗ್ಗುಲಲ್ಲಿ ಅಂಗಡಿಗಳ ಷಟರು ಅರ್ಧ ಇಳಿಯುವ ಸದ್ದು ಕೇಳಿಸಿತು. ನಮ್ಮ ಬೀದಿಯಲ್ಲಿ ಹೆಣ ಹೋದರೆ ಹಾಗೆ ಇಳಿಸುವುದು ವಾಡಿಕೆ. ಖಾಲಿ ಚೀಲದ ಅಂಗಡಿಯ ಸಾಹೇಬರು ಎದ್ದು ನಿಂತು ತಲೆ ಬಗ್ಗಿಸಿದ್ದನ್ನು ಓರೆಗಣ್ಣಿನಲ್ಲಿ ಕಂಡೆ. ಹಿಂದೆ ಬರುತ್ತಿದ್ದ ಯಾರೋ ಮುದುಕಿ ಸತ್ತವರಿಗೆ ಹೇಳುವ ಜಪ ಶುರುಮಾಡಿದಳು. ನಾಲ್ವರಲ್ಲಿ ಇಬ್ಬರು ಬಾಯಿಗೂಡಿಸಿದರು. ನನ್ನ ತುಟಿಯೂ ಆಡಿತು, ಅಭ್ಯಾಸ.

"ನಿಲ್ಸಿ ಚೌರಪ್ಪಣ್ಣ," ಎಂದಳು ಲೂರ್ದಮ್ಮ. ಅವಳು ಕೂಗಲಿಲ್ಲ. "ತಲೆ ಮುಂದೆ ಮಾಡ್ಕಳಿ. ಇವ್ರಿನ್ನೂ ಬದುಕವ್ರೆ."

ಜಪ ಅರ್ಧಕ್ಕೇ ನಿಂತಿತು. ಚೌರಪ್ಪ ಅಯ್ಯೋ ದೇವರೇ ಎಂದು ಹಣೆ ಚಚ್ಚಿಕೊಳ್ಳಲು ಹೋದ, ಕೈ ಬೆಂಚಿನಲ್ಲಿತ್ತು. ಆ ಗಲ್ಲಿಯಲ್ಲಿ ಬೆಂಚು ತಿರುಗಿಸಲು ಜಾಗವಿಲ್ಲ. ನನ್ನನ್ನು ಹಾಗೇ ಹಿಂದಕ್ಕೆ ನಡೆಸಿಕೊಂಡು, ಬೆಲ್ಲದ ಗೋಡೌನಿನ ಮುಂದೆ ಸ್ವಲ್ಪ ಅಗಲವಿದ್ದ ಕಡೆ ಸುತ್ತ ತಿರುಗಿಸಿದರು. ತಿರುಗಿಸುವಾಗ ಬೆಂಚು ಕಂಬಕ್ಕೆ ತಗುಲಿತು. ಅಲ್ಲಿಯವರೆಗೆ ಎಲ್ಲೋ ದೂರದಲ್ಲಿದ್ದ ನೋವು ಆಗ ಒಂದೇ ಸಲ ಬಂತು. ಬಾಯಿ ಬಿಟ್ಟು ಕಿರುಚಿದೆ. ಸಾಹೇಬರು ಅರ್ಧ ಇಳಿಸಿದ್ದ ಷಟರನ್ನು ಮತ್ತೆ ಮೇಲೆತ್ತಿದ್ದು ಆ ಕಿರುಚು ಕೇಳಿದ ಮೇಲಂತೆ. ಇನ್ನಾಸಪ್ಪ ಬಾಯಿ ಬಡ್ಕೊಂಡ್ರು, ಸದ್ಯ ಬದುಕವ್ರೆ ಎಂದರಂತೆ.

ಡಯಾಲಿಸಿಸ್ ಮಾಡಿ ಮಾರನೇ ದಿನ ಆಪರೇಷನ್ ಮಾಡಿದರು. ಒಳಗೆ ಉಕ್ಕಿನ ಪಟ್ಟಿ, ಸ್ಕ್ರೂಗಳು. ಒಳ್ಳೆಯ ಮರಕ್ಕೆ ಸ್ಕ್ರೂ ಹಿಡಿಯುತ್ತದೆ, ಹುಳು ತಿಂದ ಮರಕ್ಕೆ ಹಿಡಿಯುವುದು ಕಷ್ಟ. ನನ್ನ ಮೂಳೆ ಎರಡನೇ ಜಾತಿಯದು, ನಡೆಯುತ್ತಾರೋ ಇಲ್ಲವೋ ಹೇಳಲಾರೆ ಎಂದು ಡಾಕ್ಟರು ಲೂರ್ದಮ್ಮನಿಗೆ ಬೇರೆಯಾಗಿ ಹೇಳಿದ್ದರು. ಅವಳು ಬಂದು ನನಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

ಮುಂದಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮಂಚ, ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ವಾರಕ್ಕೆರಡು ಸಲ ನಾಲ್ವರು ಬಂದು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವುದು, ಸಂಜೆ ಹೊತ್ತು ತರುವುದು. ಅವರು ಬೇಸರಪಡಲಿಲ್ಲ. ನನಗೆ ಬೇಸರವೂ ಆಗಲಿಲ್ಲ. ಸ್ವಾಮಿಗಳು ಬಂದು ರೋಗಿಗಳಿಗೆ ಹಚ್ಚುವ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ನಾನು ಆಮೆನ್ ಎಂದೆ. ಸ್ಟೆಲ್ಲಾ ಬಂದು ಮಕ್ಕಳ ಕಥೆ ಹೇಳುತ್ತಿದ್ದಳು. ಮುಖ ಅವಳ ಕಡೆ ತಿರುಗಿಸಿರುತ್ತಿದ್ದೆ, ಅಷ್ಟೇ. ಒಂದು ಮಧ್ಯಾಹ್ನ ಲೂರ್ದಮ್ಮ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ, ಇನ್ನು ಸಾಕು, ಡಯಾಲಿಸಿಸ್ ನಿಲ್ಲಿಸಿಬಿಡೋಣ ಎಂದೆ. ದುಃಖದಿಂದ ಹೇಳಿದ್ದಲ್ಲ. ಅಂಗಡಿ ಬಾಗಿಲು ಹಾಕೋಣ ಎನ್ನುವ ಹಾಗೆ ಹೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. ಮೊಣಕಾಲಿನ ತನಕ ಹಚ್ಚಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ಸಾಕು ಅಂದ್ರೆ ಸಾಕು. ನಾನು ತಡೆಯಲ್ಲ. ಆದ್ರೆ ಆ ಮಾತ್ನ ಡಾಕ್ಟ್ರಿಗೆ ನೀವೇ ಹೇಳ್ಬೇಕು, ಅದೂ ನಡ್ಕೊಂಡೋಗಿ ಹೇಳ್ಬೇಕು. ಅದನ್ ಹೇಳ್ಸಕ್ಕೆ ನಿಮ್ಮನ್ನ ಹೊತ್ಕೊಂಡೋಗಿ ಅಂತ ನಾನ್ ಯಾರ್ನೂ ಕರೆಯಲ್ಲ."

ನನ್ನ ಹಠ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಾರನೇ ದಿನ ವಾಕರ್ ತರಿಸು ಎಂದೆ. ಅಲ್ಯೂಮಿನಿಯಂ ನಾಲ್ಕು ಕಾಲಿನದು. ಮಂಚದಿಂದ ಕಿಟಕಿ, ಕಿಟಕಿಯಿಂದ ಜಗುಲಿ. ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿತ್ತು, ಬಲಚಪ್ಪಲಿಗೆ ಚಮ್ಮಾರನಿಂದ ದಪ್ಪ ಅಟ್ಟೆ ಹಾಕಿಸಿದರು. ಡಯಾಲಿಸಿಸ್ ನಿಲ್ಲಿಸಲಿಕ್ಕೆಂದೇ ನಾನು ನಡೆಯಲು ಕಲಿತೆ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಬೆಲ್ಲದ ಗೋಡೌನಿನ ತನಕ ಹೋಗಿ ಬರುವಷ್ಟಾದಾಗ ಮಳೆಗಾಲ ಮುಗಿದಿತ್ತು. ನಾನು ಮೊದಲ ಸಲ ಅಲ್ಲಿಗೆ ತಲುಪಿದ ದಿನ ಪಕ್ಕದ ಚೀಲದ ಅಂಗಡಿಯ ಸಾಹೇಬರು ಚಹಾ ತರಿಸಿದರು. ನಾನು ನೀರನ್ನೂ ಲೆಕ್ಕದಲ್ಲಿ ಕುಡಿಯಬೇಕು ಎಂದೆ. ಅರ್ಧ ಲೋಟ ತಾವು ಕುಡಿದು ಅರ್ಧ ನನಗೆ ಕೊಟ್ಟರು. ಆಸ್ಪತ್ರೆಗೆ ದೊಡ್ಡ ರಸ್ತೆಯ ತನಕ ನಡೆದೇ ಹೋದ ದಿನ ಲೂರ್ದಮ್ಮ ನನ್ನ ಮುಖ ನೋಡಿದಳು, ಈಗ ಹೇಳುತ್ತೀರಾ ಎಂಬಂತೆ. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರು. ತೂಕದ ಯಂತ್ರದ ಮುಳ್ಳು ಜಾರಿದೆ, ಅದನ್ನು ನೋಡಬೇಕು ಎಂದೆ. ಬೇರೇನೂ ಹೇಳಲಿಲ್ಲ.

ನಂಜಪ್ಪನವರ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ನಾನು ಮಲಗಿದ್ದ ತಿಂಗಳುಗಳಲ್ಲೇ ತೀರಿಕೊಂಡಿದ್ದರು. ಅವರ ಮಗನನ್ನು ಅಂಗಡಿಯಲ್ಲಿ ಕಂಡು ಮಾತಾಡಿಸಿದೆ. ಕೇಳಬಾರದೆಂದುಕೊಂಡರೂ ಕೇಳಿದೆ, ಕೂರಿಸಲು ಕಷ್ಟವಾಯಿತೇ ಎಂದು. ಅವನಿಗೆ ಅಪ್ಪನ ತಮಾಷೆ ಗೊತ್ತಿತ್ತು ಎಂದು ಕಾಣುತ್ತದೆ, ಮುಖ ಅರಳಿತು. "ಇಲ್ಲ ಸಾರ್. ಚೆನ್ನಾಗಿ ಕೂತ್ರು," ಎಂದ. ನನಗೆ ಸಮಾಧಾನವಾಯಿತು. ಅಳು ಬರಲಿಲ್ಲ.

ಇದೆಲ್ಲ ಆಗಿ ನಾಲ್ಕೈದು ವರ್ಷ ಕಳೆಯಿತು. ಪವಿತ್ರ ಗುರುವಾರದ ಹನ್ನೆರಡು ಜನರಲ್ಲಿ ಮತ್ತೆ ಕೂರಲು ಸ್ವಾಮಿಗಳು ಕರೆದರು. ಪೀಠದ ಮೆಟ್ಟಿಲು ಹತ್ತಿಸಿ ಇಳಿಸುವ ಗಲಾಟೆ ಬೇಡ ಎಂದು ನಾನೇ ಒಪ್ಪಲಿಲ್ಲ. ಬೀದಿಯಲ್ಲಿ ನನ್ನ ಬೆಂಚಿನ ಮೆರವಣಿಗೆಯ ಕಥೆ ಹಳೆಯದಾಗುವ ಬದಲು ಬೆಳೆಯಿತು. ಚೌರಪ್ಪನನ್ನು ಕಂಡರೆ ಸಾಕು, ಯಾರಾದರೊಬ್ಬರು "ಕಾಲೋ ತಲೆಯೋ?" ಎನ್ನುತ್ತಿದ್ದರು. ಅವನು ನಗುತ್ತಿದ್ದ, ಆದರೆ ಆಮೇಲೆ ಯಾರ ಪೆಟ್ಟಿಗೆ ಎತ್ತುವಾಗಲೂ ಆ ಮಾತನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲವಂತೆ. ಬಾಯೊಳಗೇ ಹೇಳಿಕೊಂಡು ತಲೆಯಾಡಿಸಿದರೆ ಉಳಿದವರು ಏಳುತ್ತಿದ್ದರಂತೆ. ನನಗದು ಗೊತ್ತಿರಲಿಲ್ಲ. ಸಾವಿನ ಮನೆಗೆ ಹೋಗುವುದನ್ನು ನಾನು ಬಿಟ್ಟಿದ್ದೆ.

ನನ್ನನ್ನು ಹೊತ್ತವನು, ಏಣಿ ಹತ್ತಿ ಇಳಿಯುತ್ತಿದ್ದವನು, ಒಂದು ಮಾತ್ರೆಯನ್ನೂ ನುಂಗದವನು, ಒಂದು ಭಾನುವಾರ ಊಟ ಮಾಡಿ ಎದೆ ಹಿಡಿದುಕೊಂಡು ಗೋಡೆಗೊರಗಿ ಹೋಗಿಬಿಟ್ಟ. ಸುದ್ದಿ ತಂದವಳು ಲೂರ್ದಮ್ಮ. ನನಗೆ ಎಂದಿನಂತೆ ಏನೂ ಅನ್ನಿಸಲಿಲ್ಲ. ಬರುತ್ತೇನೆ ಎಂದೆ. ಆಟೋ ಕರೆಯಲೇ ಎಂದಳು. ಬೇಡ, ನಡೆಯುತ್ತೇನೆ ಎಂದೆ. ಅವಳು ಗೋಡೆಗೆ ಒರಗಿಸಿದ್ದ ಮಡಚುವ ಕಬ್ಬಿಣದ ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹಿಂದೆ ಹೊರಟಳು, ನಡುವೆ ಎಲ್ಲಾದರೂ ಕೂರಬೇಕಾದೀತು ಎಂದು.

ಚೌರಪ್ಪನ ಮನೆಯ ಸಣ್ಣ ನಡುಮನೆಯಲ್ಲಿ ಪೆಟ್ಟಿಗೆ. ಅವನ ಉಗುರಿನಂಚಿನಲ್ಲಿ ಹಸಿರು ಪೇಂಟು ಹಾಗೇ ಇತ್ತು. ಪ್ರಾರ್ಥನೆ ಮುಗಿದು ಮುಚ್ಚಳ ಹಾಕಿದರು. ಆರು ಜನ ಬಗ್ಗಿದರು. ಅವರಲ್ಲಿ ಮೂವರು ಆವತ್ತು ನನ್ನ ಬೆಂಚಿಗೆ ಹೆಗಲು ಕೊಟ್ಟವರು. ಬಗ್ಗಿದವರು ಹಾಗೇ ನಿಂತರು. ಯಾರೂ ಏಳಲಿಲ್ಲ. ಆ ಮಾತು ಹೇಳುವವನು ಪೆಟ್ಟಿಗೆಯ ಒಳಗಿದ್ದ. ಹಿಂದಿನ ಎಡಗಡೆಯ ಆ ಕುಳ್ಳನೆಯವನು ತಲೆ ಎತ್ತಿ ನನ್ನನ್ನು ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

ವಾಕರನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದೆ.

"ಕಾಲು ಮುಂದೆ."

ಆರು ಹೆಗಲೂ ಎದ್ದವು. ಅದರ ಜೊತೆಗೇ ನನಗೆ ಅಳು ಬಂತು. ಕಣ್ಣಂಚಿನ ಅಳುವಲ್ಲ. ಮೂಗು ಬಾಯಿ ಎಲ್ಲ ಸುರಿಯುವ ಹಾಗೆ, ಹೆಂಗಸರು ಗಾಬರಿಯಾಗಿ ತಿರುಗಿ ನೋಡುವ ಹಾಗೆ ಅತ್ತೆ. ಚೌರಪ್ಪನಿಗೆ ಅತ್ತೆ. ನಂಜಪ್ಪನವರಿಗೆ ಅತ್ತೆ. ಆಸ್ಪತ್ರೆಯ ಕಲ್ಲು ಬೆಂಚಿನ ಮೇಲೆ ತೂಕದ ಮುಳ್ಳು ನೋಡುತ್ತ ಕೂತಿದ್ದ ಆ ಮನುಷ್ಯನಿಗೂ ಅತ್ತೆ. ಅಷ್ಟು ವರ್ಷ ಎಲ್ಲಿತ್ತೋ ಅದು. ಪಕ್ಕೆಲುಬು ನೋಯುತ್ತಿತ್ತು. ಕೆಮ್ಮಿದರೂ ಮುರಿಯಬಹುದು ಎಂದಿದ್ದ ಡಾಕ್ಟರು ಅಳುವಿನ ಬಗ್ಗೆ ಏನೂ ಹೇಳಿರಲಿಲ್ಲ.

ಆಮೇಲೆ ನಡೆದೆ. ಪೆಟ್ಟಿಗೆಯ ಮುಂದೆ, ವಾಕರ್ ಮುಂದಿಟ್ಟು, ಬಲಗಾಲು ಎಳೆದು, ಎಡಗಾಲು ತಂದು. ನನ್ನ ನಡಿಗೆಗೆ ಅವರು ತಮ್ಮ ನಡಿಗೆ ಹೊಂದಿಸಿಕೊಂಡರು, ಅವಸರವಿಲ್ಲದ ನಡಿಗೆ ಅವರಿಗೂ ಗೊತ್ತಲ್ಲ. ನಮ್ಮ ಗಲ್ಲಿಗೆ ತಿರುಗಿದಾಗ ಅಂಗಡಿಗಳ ಷಟರು ಅರ್ಧ ಇಳಿದವು. ಸಾಹೇಬರು ಎದ್ದು ನಿಂತರು. ಬೆಲ್ಲದ ಗೋಡೌನು ದಾಟಿತು. ಗಲ್ಲಿಯ ಬಾಯಲ್ಲಿ, ಈಗೀಗ ಚರ್ಚಿನ ತನಕ ಒಯ್ಯಲು ತರಿಸುವ ವ್ಯಾನಿನ ಹತ್ತಿರ, ಲೂರ್ದಮ್ಮ ಕುರ್ಚಿ ಬಿಡಿಸಲು ಬಂದಳು. ಬೇಡ ಎಂದು ತಲೆಯಾಡಿಸಿದೆ. ಪೆಟ್ಟಿಗೆಯನ್ನು ಒಳಗಿಟ್ಟು ಬಾಗಿಲು ಹಾಕಿ ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ನಿಂತೇ ಇದ್ದೆ. ಕುರ್ಚಿ ಮಡಚಿದ ಹಾಗೇ ಮನೆಗೆ ವಾಪಸ್ಸು ಬಂತು.